ದ್ವಿಚಕ್ರ ವಾಹನದ ಟೈರುಗಳು: ಆಯ್ಕೆ, ಗಾಳಿಯ ಒತ್ತಡ ಮತ್ತು ಪಾಲನೆ

ಮಹಾನಗರಗಳಲ್ಲಿ ವಾಸಿಸುವ ದುಡಿಯುವ ಜನರ ಪಾಲಿಗೆ ಮೋಟಾರ್ ಸೈಕಲ್ ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಮುಂಬಯಿಯ ಉಪನಗರಗಳಿಂದ ಕಚೇರಿಗೆ, ಪುಣೆಯ ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ, ಚೆನ್ನೈನ ಅಂಬತ್ತೂರಿಗೆ, ದೆಹಲಿಯಿಂದ ನೋಯ್ಡಾಕ್ಕೆ ದಿನನಿತ್ಯ ಹೋಗಿಬರುವ ಸಾವಿರಾರು ಕುಟುಂಬಗಳ ಜೀವನೋಪಾಯ ಈ ವಾಹನವನ್ನೇ ಅವಲಂಬಿಸಿದೆ. ಆದರೆ ರಸ್ತೆಯಲ್ಲಿ ಅತ್ಯಂತ ಅಸುರಕ್ಷಿತ ಸ್ಥಿತಿಯಲ್ಲಿರುವವರಲ್ಲಿ ಇದರ ಸವಾರರೂ ಸೇರಿದ್ದಾರೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿ ಪ್ರಯಾಣಿಸುತ್ತಿದ್ದವರು.

ಈ ಅಪಘಾತಗಳಿಗೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವು ಸವಾರನೊಬ್ಬನ ಹತೋಟಿಗೆ ಒಳಪಟ್ಟವಲ್ಲ. ರಸ್ತೆಯ ಗುಂಡಿಯಾಗಲಿ, ಎದುರಿನಿಂದ ಬರುವ ಲಾರಿಯಾಗಲಿ ಅವನ ಮಾತು ಕೇಳುವುದಿಲ್ಲ. ಆದರೆ ತನ್ನ ವಾಹನದ ಟೈರುಗಳು ಯಾವ ಸ್ಥಿತಿಯಲ್ಲಿವೆ, ಅವುಗಳಲ್ಲಿ ಎಷ್ಟು ಗಾಳಿಯಿದೆ ಎಂಬುದು ಸಂಪೂರ್ಣವಾಗಿ ಅವನ ಹತೋಟಿಯಲ್ಲಿದೆ. ವಾರಕ್ಕೆ ಹತ್ತು ನಿಮಿಷಗಳನ್ನೂ ಬೇಡದ ಈ ಕೆಲಸವನ್ನು ಏಕೆ ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಭಾರವನ್ನು ಹೊರುವುದು ಗಾಳಿ

ಟೈರಿನ ರಬ್ಬರೇ ವಾಹನದ ಭಾರವನ್ನು ಹೊರುತ್ತದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ರಬ್ಬರು ಮತ್ತು ಅದರೊಳಗಿನ ನೂಲಿನ ಪದರಗಳು ಮುಖ್ಯವಾಗಿ ಗಾಳಿಯನ್ನು ಬಂಧಿಸಿಡುವ ಚೀಲದಂತೆ ಕೆಲಸ ಮಾಡುತ್ತವೆ. ಭಾರದ ಬಹುಪಾಲನ್ನು ಹೊರುವುದು ಒಳಗೆ ಒತ್ತಿ ತುಂಬಿದ ಗಾಳಿ. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ತಂತ್ರಜ್ಞರು ಗಾಳಿ ತುಂಬಿದ ಗಾಲಿಪಟ್ಟಿಗೆ ಪೇಟೆಂಟ್ ಪಡೆದರು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅಂಥದೇ ಟೈರನ್ನು ರೂಪಿಸಿ ಅದನ್ನು ಬಳಕೆಗೆ ತಂದರು. ಅಂದಿನಿಂದ ಟೈರಿನ ವಸ್ತು, ವಿನ್ಯಾಸಗಳು ಎಷ್ಟೇ ಸುಧಾರಿಸಿದ್ದರೂ ಮೂಲತತ್ತ್ವ ಬದಲಾಗಿಲ್ಲ.

ಈ ತತ್ತ್ವವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಸುಮಾರು 110 ಕಿಲೋಗ್ರಾಂ ತೂಕದ ಮೋಟಾರ್ ಸೈಕಲ್ಲಿನ ಮೇಲೆ ಒಬ್ಬ ಸವಾರ ಕುಳಿತಾಗ ಹಿಂದಿನ ಚಕ್ರದ ಮೇಲೆ ಹೆಚ್ಚುಕಡಿಮೆ 105 ಕಿಲೋಗ್ರಾಂ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಟೈರಿನಲ್ಲಿ ಚದರ ಅಂಗುಲಕ್ಕೆ 28 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ ಒತ್ತಡವಿದ್ದರೆ, ಆ ಭಾರವನ್ನು ಹೊರಲು ಸುಮಾರು 52 ಚದರ ಸೆಂಟಿಮೀಟರ್‌ನಷ್ಟು ಟೈರು ನೆಲವನ್ನು ಮುಟ್ಟಿರಬೇಕಾಗುತ್ತದೆ. ಇದು ವಯಸ್ಕರ ಅಂಗೈಗಿಂತಲೂ ಕಿರಿದಾದ ಜಾಗ. ಓಡುವಾಗ, ತಿರುಗುವಾಗ, ಬ್ರೇಕ್ ಹಾಕುವಾಗ ಇಡೀ ವಾಹನವು ನೆಲದೊಂದಿಗೆ ಹೊಂದಿರುವ ಸಂಬಂಧವೆಂದರೆ ಇಂಥ ಎರಡು ತುಣುಕುಗಳು ಮಾತ್ರ.

ಈಗ ಹಿಂದಿನ ಆಸನದಲ್ಲಿ 60 ಕಿಲೋಗ್ರಾಂ ತೂಕದ ಇನ್ನೊಬ್ಬರು ಕುಳಿತರೆನ್ನೋಣ. ಅವರ ಭಾರ ಬಹುಮಟ್ಟಿಗೆ ಹಿಂದಿನ ಚಕ್ರದ ಮೇಲೆಯೇ ಬೀಳುವುದರಿಂದ ಅಲ್ಲಿನ ಭಾರ 165 ಕಿಲೋಗ್ರಾಂಗೆ ಏರುತ್ತದೆ. ಗಾಳಿಯ ಒತ್ತಡ ಮೊದಲಿನಷ್ಟೇ ಇದ್ದರೆ ಟೈರು ಚಪ್ಪಟೆಯಾಗಿ 82 ಚದರ ಸೆಂಟಿಮೀಟರ್‌ನಷ್ಟು ನೆಲಕ್ಕೆ ಒರಗಿ, ಅದರ ಪಕ್ಕೆಗಳು ಉಬ್ಬಿಕೊಳ್ಳುತ್ತವೆ. ಒತ್ತಡವನ್ನು 40 ಪೌಂಡಿಗೆ ಏರಿಸಿದರೆ ಆ ಜಾಗ ಮತ್ತೆ 59 ಚದರ ಸೆಂಟಿಮೀಟರಿಗೆ ಇಳಿಯುತ್ತದೆ. ಟೈರು ತನ್ನ ಸಹಜ ಆಕಾರಕ್ಕೆ ಮರಳುತ್ತದೆ. ಟೈರಿನ ಪಕ್ಕೆಯ ಬಿಗಿಯಿಂದಾಗಿ ನಿಜವಾದ ಅಳತೆಗಳು ಸ್ವಲ್ಪ ಬೇರೆಯಾಗುತ್ತವೆಯಾದರೂ, ಒಬ್ಬರಿಗೆ ಒಂದು ಒತ್ತಡ ಮತ್ತು ಇಬ್ಬರಿಗೆ ಇನ್ನೊಂದು ಒತ್ತಡವನ್ನು ತಯಾರಕರು ಏಕೆ ಸೂಚಿಸುತ್ತಾರೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಒತ್ತಡ ಕಡಿಮೆಯಾದರೆ, ಹೆಚ್ಚಾದರೆ

ಗಾಳಿ ಕಡಿಮೆಯಿರುವ ಟೈರು ಚಕ್ರದ ಪ್ರತಿಯೊಂದು ಸುತ್ತಿನಲ್ಲಿಯೂ ಮಡಿಸಿ ಬಿಚ್ಚಿದಂತೆ ಬಾಗುತ್ತದೆ. ಒಂದು ತಂತಿಯನ್ನು ಹಲವು ಬಾರಿ ಬಾಗಿಸಿದರೆ ಅದು ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಟೈರಿನ ಪಕ್ಕೆಯಲ್ಲಿಯೂ ಇದೇ ನಡೆಯುತ್ತದೆ. ವೇಗ, ಭಾರ ಮತ್ತು ಬೇಸಿಗೆಯ ಕಾದ ಡಾಂಬರು ಇದಕ್ಕೆ ಸೇರಿದಾಗ ಒಳಗಿನ ನೂಲಿನ ಪದರಗಳು ರಬ್ಬರಿನಿಂದ ಬಿಡಿಸಿಕೊಳ್ಳುತ್ತವೆ. ಹೊರಗೆ ಏನೂ ಕಾಣದಿದ್ದರೂ ಒಂದು ದಿನ ಟೈರು ಹಠಾತ್ತನೆ ಸಿಡಿಯುತ್ತದೆ. ಅಷ್ಟು ದೂರ ಹೋಗದಿದ್ದರೂ ಕಡಿಮೆ ಗಾಳಿಯಿಂದ ಆಗುವ ನಷ್ಟಗಳು ಕಡಿಮೆಯೇನಲ್ಲ. ಹ್ಯಾಂಡಲ್ ಭಾರವಾಗುತ್ತದೆ, ತಿರುವುಗಳಲ್ಲಿ ವಾಹನ ತೂಗಾಡುತ್ತದೆ, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ, ಟೈರಿನ ಎರಡೂ ಅಂಚುಗಳು ಬೇಗನೆ ಸವೆಯುತ್ತವೆ. ಗುಂಡಿಗೆ ಬಿದ್ದಾಗ ಚಕ್ರದ ರಿಮ್ಮು ಪೆಟ್ಟು ತಿನ್ನುತ್ತದೆ.

ಇದಕ್ಕೆ ಹೆದರಿ ಬೇಕಾದುದಕ್ಕಿಂತ ಹೆಚ್ಚು ಗಾಳಿ ತುಂಬಿಸುವುದೂ ಸರಿಯಲ್ಲ. ಅತಿಯಾಗಿ ಬಿಗಿದ ಟೈರು ನೆಲವನ್ನು ಮುಟ್ಟುವ ಜಾಗ ಕುಗ್ಗುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಜಾರುವ ಸಂಭವ ಹೆಚ್ಚುತ್ತದೆ. ಟೈರಿನ ನಡುಭಾಗ ಮಾತ್ರ ಸವೆಯುತ್ತದೆ. ರಸ್ತೆಯ ಪ್ರತಿಯೊಂದು ಕಲ್ಲಿನ ಪೆಟ್ಟೂ ನೇರವಾಗಿ ಸವಾರನ ಬೆನ್ನೆಲುಬಿಗೆ ತಾಗುತ್ತದೆ. ‘ನಾಲ್ಕು ದಿನ ಹೆಚ್ಚಿಗೆ ಬರಲಿ’ ಎಂದು ಗಾಳಿಯನ್ನು ಅಳತೆ ಮೀರಿ ತುಂಬಿಸುವ ರೂಢಿಯನ್ನು ಬಿಡಬೇಕು.

ಸರಿಯಾದ ಒತ್ತಡ ಯಾವುದು?

ಪ್ರತಿಯೊಂದು ವಾಹನಕ್ಕೂ ಅದರ ತಯಾರಕರು ನಿಗದಿಪಡಿಸಿದ ಒತ್ತಡವೇ ಸರಿಯಾದ ಒತ್ತಡ. ಇದನ್ನು ವಾಹನದೊಂದಿಗೆ ದೊರೆಯುವ ಕೈಪಿಡಿಯಲ್ಲಿ ಮುದ್ರಿಸಲಾಗಿರುತ್ತದೆ. ಹಲವು ವಾಹನಗಳಲ್ಲಿ ಚೈನಿನ ಕವಚದ ಮೇಲೆ ಅಥವಾ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ ಮೇಲೆ ಅಂಟಿಸಿದ ಚೀಟಿಯಲ್ಲಿಯೂ ಇರುತ್ತದೆ. ಉದಾಹರಣೆಗೆ, ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸಣ್ಣ ಎಂಜಿನ್ನಿನ ಅನೇಕ ಮೋಟಾರ್ ಸೈಕಲ್ಲುಗಳಿಗೆ ಮುಂದಿನ ಟೈರಿನಲ್ಲಿ 25 ಪೌಂಡು, ಹಿಂದಿನ ಟೈರಿನಲ್ಲಿ ಒಬ್ಬರೇ ಇರುವಾಗ 28 ಪೌಂಡಿನ ಆಸುಪಾಸು, ಇಬ್ಬರಿರುವಾಗ 32 ಪೌಂಡಿನಿಂದ ಕೆಲವು ಮಾದರಿಗಳಲ್ಲಿ 40 ಪೌಂಡಿನವರೆಗೂ ಸೂಚಿಸಲಾಗಿದೆ. ಇವು ಕೇವಲ ಉದಾಹರಣೆಗಳು. ನೆರೆಯವರ ವಾಹನದ ಅಂಕಿಯನ್ನು ನಮ್ಮದಕ್ಕೆ ಅನ್ವಯಿಸಬಾರದು. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಗರಿಷ್ಠ ಒತ್ತಡವು ಆ ಟೈರು ತಡೆಯಬಲ್ಲ ಮೇಲಿನ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ ಎಂಬುದನ್ನೂ ಮರೆಯಬಾರದು.

ಒತ್ತಡವನ್ನು ಸೂಚಿಸುವ ಮಾನಗಳು ಬೇರೆ ಬೇರೆ. ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬುದನ್ನು ಪಿ.ಎಸ್.ಐ. ಎನ್ನುತ್ತಾರೆ. ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದರೆ 14.2 ಪಿ.ಎಸ್.ಐ.; 1 ಬಾರ್ ಎಂದರೆ 14.5 ಪಿ.ಎಸ್.ಐ. ಹೀಗೆ ಕೈಪಿಡಿಯಲ್ಲಿ 1.75 ಕಿಲೋಗ್ರಾಂ ಎಂದಿದ್ದರೆ ಅದು 25 ಪಿ.ಎಸ್.ಐ.ಗೆ ಸಮ.

ಅಳೆಯುವ ಕ್ರಮ

ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಗಳು ತಣ್ಣಗಿರುವ ಟೈರಿಗೆ ಅನ್ವಯಿಸುತ್ತವೆ. ವಾಹನ ಕನಿಷ್ಠ ಮೂರು ಗಂಟೆಗಳ ಕಾಲ ನಿಂತಿದ್ದರೆ ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡದಿದ್ದರೆ ಟೈರು ತಣ್ಣಗಿದೆಯೆಂದು ತಿಳಿಯಬಹುದು. ಆದ್ದರಿಂದ ಬೆಳಗಿನ ಹೊತ್ತು ಇದಕ್ಕೆ ಪ್ರಶಸ್ತ. ದೂರ ಓಡಿ ಬಂದ ಟೈರಿನಲ್ಲಿ ಒತ್ತಡ ಸಹಜವಾಗಿಯೇ ಏರಿರುತ್ತದೆ. ಅದನ್ನು ಕಂಡು ಗಾಳಿ ಬಿಡಕೂಡದು. ಬಿಟ್ಟರೆ ಟೈರು ತಣಿದ ಬಳಿಕ ಒತ್ತಡ ಕೊರತೆಯಾಗುತ್ತದೆ.

ಹೆಬ್ಬೆರಳಿನಿಂದ ಒತ್ತಿ, ಕಾಲಿನಿಂದ ಒದ್ದು ಗಾಳಿಯನ್ನು ಅಂದಾಜು ಮಾಡುವುದು ನಮ್ಮಲ್ಲಿ ವಾಡಿಕೆ. ಆದರೆ 20 ಪೌಂಡು ಮತ್ತು 28 ಪೌಂಡುಗಳ ನಡುವಿನ ವ್ಯತ್ಯಾಸವನ್ನು ಬೆರಳು ಗುರುತಿಸಲಾರದು. ಜೇಬಿನಲ್ಲಿ ಹಿಡಿಯುವ ಒತ್ತಡಮಾಪಕವೊಂದನ್ನು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಪೆಟ್ರೋಲ್ ಬಂಕು ಮನೆಯಿಂದ ದೂರವಿದ್ದಲ್ಲಿ ಇದು ಇನ್ನೊಂದು ಬಗೆಯಲ್ಲಿಯೂ ನೆರವಾಗುತ್ತದೆ. ಬೆಳಿಗ್ಗೆ ಮನೆಯಲ್ಲಿ ಅಳೆದಾಗ 25 ಇರಬೇಕಾದಲ್ಲಿ 21 ಇದ್ದರೆ ಕೊರತೆ 4 ಎಂದಾಯಿತು. ಬಂಕನ್ನು ತಲುಪುವಷ್ಟರಲ್ಲಿ ಟೈರು ಬಿಸಿಯಾಗಿ ಅಲ್ಲಿ 23 ಎಂದು ಕಂಡರೆ, ಅದಕ್ಕೆ 4 ಸೇರಿಸಿ 27ರವರೆಗೆ ತುಂಬಿಸಬೇಕು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಅಳೆದು ಖಚಿತಪಡಿಸಿಕೊಳ್ಳಬೇಕು.

ಸಾರ್ವಜನಿಕ ವಲಯದ ತೈಲ ಕಂಪನಿಗಳ ಪೆಟ್ರೋಲ್ ಬಂಕುಗಳಲ್ಲಿ ಗಾಳಿ ತುಂಬುವ ಸೇವೆ ಉಚಿತ. ಮುಂಬಯಿ, ದೆಹಲಿಗಳಲ್ಲಿ ‘ಹವಾ’ ಎಂದು ಕೇಳಬೇಕು. ಹೈದರಾಬಾದಿನಲ್ಲಿ ‘ಗಾಲಿ’ ಎಂದರೆ ಚಕ್ರವಲ್ಲ, ಗಾಳಿಯೇ. ಭಾಷೆ ಯಾವುದಾದರೂ, ‘ತುಂಬಿಸಿ’ ಎಂದಷ್ಟೇ ಹೇಳಿ ಸುಮ್ಮನಾಗದೆ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಅಂಕಿಗಳನ್ನು ಹೇಳಿ, ಮಾಪಕದ ಮುಳ್ಳನ್ನು ನಾವೇ ನೋಡಬೇಕು. ಗಾಳಿ ತುಂಬಿಸಿದ ಮೇಲೆ ವಾಲ್ವಿನ ಮುಚ್ಚಳವನ್ನು ತಪ್ಪದೆ ಹಾಕಬೇಕು. ಧೂಳು, ನೀರು ಒಳಸೇರಿ ವಾಲ್ವು ಸೋರದಂತೆ ಅದು ತಡೆಯುತ್ತದೆ.

ಋತುಮಾನದ ಪರಿಣಾಮ

ಯಾವ ತೂತೂ ಇಲ್ಲದ ಟೈರಿನಿಂದ ಕೂಡ ಗಾಳಿ ಸ್ವಲ್ಪ ಸ್ವಲ್ಪವಾಗಿ ಸೋರುತ್ತಲೇ ಇರುತ್ತದೆ. ಇದರ ಜೊತೆಗೆ ಹವೆಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನ ಒತ್ತಡ ಒಂದರಿಂದ ಒಂದೂವರೆ ಪೌಂಡಿನಷ್ಟು ಇಳಿಯುತ್ತದೆ. ದೆಹಲಿಯಂಥ ಊರಿನಲ್ಲಿ ಇದನ್ನು ಅಲಕ್ಷಿಸುವಂತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಸೆಕೆಯಿರುವಾಗ 28 ಪೌಂಡು ತುಂಬಿದ ಟೈರಿನಲ್ಲಿ, ಗಾಳಿ ಸ್ವಲ್ಪವೂ ಸೋರದಿದ್ದರೂ, 5 ಡಿಗ್ರಿ ಚಳಿಯ ಜನವರಿಯ ಮುಂಜಾನೆ ಉಳಿಯುವುದು ಸುಮಾರು 23 ಪೌಂಡು. ವರ್ಷವಿಡೀ ಸಮಶೀತೋಷ್ಣವಿರುವ ಊರುಗಳಿಂದ ಉತ್ತರಕ್ಕೆ ಹೋಗಿ ನೆಲೆಸಿದವರು ಚಳಿಗಾಲದ ಆರಂಭದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಮುಂಬಯಿಯ ಮಳೆಗಾಲದ ಸಮಸ್ಯೆ ಬೇರೆ ಬಗೆಯದು. ಟೈರಿನ ಮೇಲಿನ ಗೆರೆಗಳು ಅಲಂಕಾರಕ್ಕಾಗಿ ಇರುವುದಲ್ಲ. ರಬ್ಬರಿಗೂ ರಸ್ತೆಗೂ ನಡುವೆ ಸಿಕ್ಕ ನೀರನ್ನು ಪಕ್ಕಕ್ಕೆ ಹರಿಸುವ ಕಾಲುವೆಗಳು ಅವು. ಗೆರೆಗಳು ಸವೆದು ನುಣ್ಣಗಾದ ಟೈರು ಒಣ ರಸ್ತೆಯಲ್ಲಿ ಹೇಗೋ ನಡೆದೀತು. ಒದ್ದೆ ರಸ್ತೆಯಲ್ಲಿ ನೀರಿನ ಪದರದ ಮೇಲೆಯೇ ಜಾರುತ್ತದೆ. ಮೊದಲ ಮಳೆಯ ದಿನ ರಸ್ತೆಯ ಮೇಲಿನ ಎಣ್ಣೆ ಮತ್ತು ಧೂಳು ನೀರಿನೊಡನೆ ಬೆರೆತು ಅಪಾಯ ಇಮ್ಮಡಿಯಾಗುತ್ತದೆ. ಆದ್ದರಿಂದ ಟೈರು ಬದಲಾಯಿಸಬೇಕಾದಲ್ಲಿ ಮಳೆಗಾಲಕ್ಕೆ ಮುನ್ನವೇ, ಮೇ ತಿಂಗಳಿನಲ್ಲಿ, ಬದಲಾಯಿಸುವುದು ಜಾಣತನ.

ಟೈರಿನ ಮೇಲಿನ ಬರಹವನ್ನು ಓದುವುದು

ಹೊಸ ಟೈರು ಕೊಳ್ಳುವವರಿಗೆ ಬೇಕಾದ ಬಹುಪಾಲು ಮಾಹಿತಿ ಟೈರಿನ ಪಕ್ಕೆಯ ಮೇಲೆಯೇ ಅಚ್ಚಾಗಿರುತ್ತದೆ. 100/90-17 55ಪಿ ಎಂಬ ಬರಹವನ್ನು ನೋಡೋಣ. 100 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 90 ಎಂದರೆ ಅದರ ಎತ್ತರ ಅಗಲದ ಶೇಕಡಾ 90ರಷ್ಟು. 17 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. 55 ಎಂಬುದು ಭಾರವಹನದ ಸಂಕೇತಾಂಕ. ಇದರ ಅರ್ಥ ಆ ಟೈರು ಗರಿಷ್ಠ 218 ಕಿಲೋಗ್ರಾಂ ಭಾರ ಹೊರಬಲ್ಲದೆಂದು. ‘ಪಿ’ ಎಂಬುದು ವೇಗದ ಸಂಕೇತ; ಗಂಟೆಗೆ 150 ಕಿಲೋಮೀಟರ್ ಅದರ ಮಿತಿ. ಇದೇ ರೀತಿ ‘ಜೆ’ ಎಂದರೆ 100, ‘ಎಲ್’ ಎಂದರೆ 120 ಕಿಲೋಮೀಟರ್. ಹಳೆಯ ಪದ್ಧತಿಯ 2.75-18 ಎಂಬ ಬರಹದಲ್ಲಿ ಅಗಲ ಮತ್ತು ವ್ಯಾಸಗಳೆರಡೂ ಅಂಗುಲಗಳಲ್ಲಿರುತ್ತವೆ.

ಇನ್ನೆರಡು ಗುರುತುಗಳನ್ನು ಅಗತ್ಯವಾಗಿ ನೋಡಬೇಕು. ಮೊದಲನೆಯದು ಐ.ಎಸ್.ಐ. ಮುದ್ರೆ. ಕೇಂದ್ರ ಸರ್ಕಾರವು 2009ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶವು ವಾಹನಗಳ ಟೈರು ಮತ್ತು ಟ್ಯೂಬುಗಳು ಭಾರತೀಯ ಮಾನಕಗಳಿಗೆ ಅನುಗುಣವಾಗಿರಬೇಕೆಂದು ವಿಧಿಸಿದೆ. ಎರಡನೆಯದು ತಯಾರಿಕೆಯ ಕಾಲವನ್ನು ತಿಳಿಸುವ ನಾಲ್ಕು ಅಂಕಿಗಳು. ಮೊದಲೆರಡು ಅಂಕಿಗಳು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದ ಟೈರು. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟೈರು ಹೊಸದಾಗಿ ಕಂಡರೂ ಅದರ ರಬ್ಬರು ಆಗಲೇ ಗಡುಸಾಗಿರಬಹುದು.

ಆಯ್ಕೆಯ ವಿವೇಕ

ತಯಾರಕರು ಸೂಚಿಸಿದ ಅಳತೆಯ, ಅದೇ ಅಥವಾ ಹೆಚ್ಚಿನ ಭಾರ ಮತ್ತು ವೇಗದ ಸಂಕೇತವುಳ್ಳ ಟೈರನ್ನೇ ಆರಿಸಬೇಕು. ಅಗಲವಾದ ಟೈರು ಹಾಕಿಸಿದರೆ ಹಿಡಿತ ಹೆಚ್ಚುತ್ತದೆಂಬ ನಂಬಿಕೆ ಯುವಕರಲ್ಲಿ ವ್ಯಾಪಕವಾಗಿದೆ. ಕಿರಿದಾದ ರಿಮ್ಮಿಗೆ ಅಗಲವಾದ ಟೈರನ್ನು ತೊಡಿಸಿದಾಗ ಅದರ ಆಕಾರವೇ ಕೆಡುತ್ತದೆ, ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವ ಸಂಭವವಿರುತ್ತದೆ, ತಿರುವಿನಲ್ಲಿ ವಾಹನ ನಿರೀಕ್ಷಿಸಿದಂತೆ ಬಾಗುವುದಿಲ್ಲ.

ಮುಂದಿನ ಟೈರಿನ ಕೆಲಸ ದಿಕ್ಕು ಹಿಡಿಯುವುದು ಮತ್ತು ಬ್ರೇಕಿನ ಬಹುಪಾಲು ಒತ್ತಡವನ್ನು ತಾಳುವುದು. ಹಿಂದಿನದರ ಕೆಲಸ ಎಂಜಿನ್ನಿನ ಶಕ್ತಿಯನ್ನು ನೆಲಕ್ಕೆ ಇಳಿಸುವುದು ಮತ್ತು ಹೆಚ್ಚಿನ ಭಾರ ಹೊರುವುದು. ಎರಡರ ಗೆರೆಗಳ ವಿನ್ಯಾಸವೂ ಅದಕ್ಕೆ ತಕ್ಕಂತೆ ಬೇರೆಯಾಗಿರುತ್ತದೆ. ಆದ್ದರಿಂದ ಒಂದನ್ನು ಇನ್ನೊಂದರ ಸ್ಥಾನದಲ್ಲಿ ಹಾಕಬಾರದು. ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೆ ಅನುಗುಣವಾಗಿದೆಯೇ ಎಂಬುದನ್ನು ಅಂಗಡಿ ಬಿಡುವ ಮುನ್ನವೇ ನೋಡಬೇಕು.

ಟ್ಯೂಬ್‌ಲೆಸ್ ಟೈರುಗಳ ಪ್ರಯೋಜನ ದೊಡ್ಡದು. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಕ್ಷಣಾರ್ಧದಲ್ಲಿ ಇಳಿದುಹೋಗಬಹುದು. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯ ಸುತ್ತ ರಬ್ಬರು ಬಿಗಿದುಕೊಳ್ಳುವುದರಿಂದ ಗಾಳಿ ನಿಧಾನವಾಗಿ ಸೋರಿ, ವಾಹನವನ್ನು ಬದಿಗೆ ತರಲು ಸವಾರನಿಗೆ ಸಮಯ ದೊರೆಯುತ್ತದೆ. ಆದರೆ ಇದಕ್ಕೆ ಗಾಳಿ ಸೋರದ ರಿಮ್ಮು ಬೇಕು. ಸಾಮಾನ್ಯ ಕಡ್ಡಿಚಕ್ರಗಳಲ್ಲಿ ಕಡ್ಡಿ ಸಿಕ್ಕಿಸಿದ ತೂತುಗಳ ಮೂಲಕ ಗಾಳಿ ಸೋರುವುದರಿಂದ ಅವುಗಳಿಗೆ ಟ್ಯೂಬು ಅನಿವಾರ್ಯ. ಅಂಥ ಚಕ್ರದಲ್ಲಿ ಹೊಸ ಟೈರು ಹಾಕಿಸುವಾಗ ಹಲವು ತೇಪೆಗಳುಳ್ಳ ಹಳೆಯ ಟ್ಯೂಬನ್ನೇ ಉಳಿಸಿಕೊಳ್ಳುವುದು ತಪ್ಪು ಉಳಿತಾಯ.

ಸಾಮಾನ್ಯ ಗಾಳಿಗೆ ಬದಲಾಗಿ ಸಾರಜನಕವನ್ನು ತುಂಬಿಸುವ ಪದ್ಧತಿಯೂ ಬಂದಿದೆ. ನಾವು ಉಸಿರಾಡುವ ಗಾಳಿಯಲ್ಲಿಯೇ ಶೇಕಡಾ 78ರಷ್ಟು ಸಾರಜನಕವಿದೆ. ಸಾರಜನಕ ತುಸು ನಿಧಾನವಾಗಿ ಸೋರುತ್ತದೆಯಾದರೂ, ಅದನ್ನು ತುಂಬಿಸಿದ ಮಾತ್ರಕ್ಕೆ ಒತ್ತಡ ಪರೀಕ್ಷಿಸುವ ಹೊಣೆ ತಪ್ಪುವುದಿಲ್ಲ.

ಯಾವಾಗ ಬದಲಾಯಿಸಬೇಕು?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೆಯ ನಿಯಮವು ಟೈರುಗಳ ಸ್ಥಿತಿಗೆ ಸಂಬಂಧಿಸಿದೆ. ಇದರ ಪ್ರಕಾರ ಟೈರಿನಲ್ಲಿ ಸರಿಯಾದ ಪ್ರಮಾಣದ ಗಾಳಿಯಿರಬೇಕು; ಒಳಗಿನ ನೂಲು ಹೊರಗೆ ಕಾಣಿಸಬಾರದು; ಎಲ್ಲಿಯೂ ಉಬ್ಬು ಇರಬಾರದು. ದ್ವಿಚಕ್ರ ವಾಹನಗಳಿಗೆ ಗೆರೆಗಳ ಆಳದ ಕನಿಷ್ಠ ಮಿತಿಯನ್ನು 0.8 ಮಿಲಿಮೀಟರ್ ಎಂದು ನಿಗದಿಪಡಿಸಲಾಗಿದೆ. ಗೆರೆಗಳ ನಡುವೆ ಅಲ್ಲಲ್ಲಿ ಕಾಣುವ ಸಣ್ಣ ದಿಬ್ಬಗಳು ಸವೆತದ ಸೂಚಕಗಳು. ಟೈರಿನ ಮೇಲ್ಮೈ ಸವೆದು ಈ ದಿಬ್ಬಗಳ ಮಟ್ಟಕ್ಕೆ ಬಂದಿತೆಂದರೆ ಟೈರಿನ ಆಯುಷ್ಯ ಮುಗಿಯಿತೆಂದು ತಿಳಿಯಬೇಕು.

ಸವೆಯದಿದ್ದರೂ ಟೈರಿಗೆ ವಯಸ್ಸಾಗುತ್ತದೆ. ಚೆನ್ನೈನಂಥ ಊರಿನ ಬಿಸಿಲಿನಲ್ಲಿ ಸದಾ ನಿಲ್ಲುವ ವಾಹನದ ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ಪರೀಕ್ಷಿಸಬೇಕು. ಹತ್ತು ವರ್ಷ ಮೀರಿದುದನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ಬಳಸಕೂಡದು. ಟೈರನ್ನು ಸೀಮೆಎಣ್ಣೆ, ಡೀಸೆಲ್‌ಗಳಿಂದ ಒರೆಸುವುದರಿಂದ ರಬ್ಬರು ಹಾಳಾಗುತ್ತದೆ. ನೀರು ಮತ್ತು ಸೋಪು ಸಾಕು.

ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 150 ಕಿಲೋಮೀಟರ್‌ಗಳಷ್ಟು ದೂರ ರಭಸದ ತಿರುವು ಮತ್ತು ಹಠಾತ್ ಬ್ರೇಕುಗಳನ್ನು ತಪ್ಪಿಸಬೇಕು.

ಊರಿಗೆ ಹೊರಡುವ ಮುನ್ನ

ಹಬ್ಬ, ಜಾತ್ರೆ, ಮದುವೆಗಳಿಗಾಗಿ ಪುಣೆಯಿಂದ ಸಾತಾರಾ, ಕೊಲ್ಹಾಪುರಗಳ ಮಾರ್ಗವಾಗಿ ಬೆಳಗಾವಿಯ ಕಡೆಗೆ, ಹೈದರಾಬಾದಿನಿಂದ ಬೀದರ, ಕಲಬುರಗಿಗಳ ಕಡೆಗೆ ಮೋಟಾರ್ ಸೈಕಲ್ಲಿನಲ್ಲಿಯೇ ಹೊರಡುವವರು ಹಲವರಿದ್ದಾರೆ. ವಾರವೆಲ್ಲ ಒಬ್ಬರೇ ಓಡಾಡಿದ ವಾಹನದ ಮೇಲೆ ಅಂದು ಪತ್ನಿಯೋ ತಮ್ಮನೋ ಕುಳಿತಿರುತ್ತಾರೆ. ಬದಿಗೆ ಚೀಲಗಳು ತೂಗುತ್ತಿರುತ್ತವೆ. ಭಾರ, ವೇಗ, ಬಿಸಿಲು ಮೂರೂ ಒಟ್ಟಿಗೆ ಸೇರುವ ದಿನವದು. ಒಬ್ಬರಿಗಾಗಿ ತುಂಬಿಸಿದ ಗಾಳಿಯಲ್ಲಿಯೇ ಅಂದು ಹೊರಡುವುದು ಅಪಾಯವನ್ನು ಆಹ್ವಾನಿಸಿದಂತೆ. ಹೊರಡುವ ಮುಂಜಾನೆಯೇ ಹಿಂದಿನ ಟೈರಿನ ಒತ್ತಡವನ್ನು ಇಬ್ಬರಿಗೆ ನಿಗದಿಯಾದ ಅಂಕಿಗೆ ಏರಿಸಬೇಕು. ಹಿಂತಿರುಗಿ ಬಂದ ಮೇಲೆ ಮೊದಲಿನ ಅಂಕಿಗೆ ಇಳಿಸಬೇಕು.

ಇಷ್ಟಾಗಿಯೂ ದಾರಿಯಲ್ಲಿ ಟೈರು ಸಿಡಿದರೆ ಗಾಬರಿಯಿಂದ ಬ್ರೇಕ್ ಒತ್ತಬಾರದು. ಹ್ಯಾಂಡಲನ್ನು ಬಿಗಿಯಾಗಿ ನೇರಕ್ಕೆ ಹಿಡಿದು, ಆಕ್ಸಿಲರೇಟರನ್ನು ನಿಧಾನವಾಗಿ ಬಿಟ್ಟು, ಬ್ರೇಕು ಅಗತ್ಯವಾದಲ್ಲಿ ಸುಸ್ಥಿತಿಯಲ್ಲಿರುವ ಚಕ್ರದ ಬ್ರೇಕನ್ನು ಮಾತ್ರ ಹಗುರವಾಗಿ ಬಳಸಿ, ವಾಹನವನ್ನು ರಸ್ತೆಯ ಎಡಬದಿಗೆ ತರಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ವಾರಕ್ಕೊಮ್ಮೆ ಮತ್ತು ಪ್ರತಿಯೊಂದು ದೂರ ಪ್ರಯಾಣಕ್ಕೆ ಮುನ್ನ, ಟೈರು ತಣ್ಣಗಿರುವಾಗ, ಮಾಪಕದಿಂದ ಒತ್ತಡವನ್ನು ಅಳೆಯಿರಿ.

2. ಮುಂದಿನ ಟೈರಿಗೆ ಎಷ್ಟು, ಹಿಂದಿನ ಟೈರಿಗೆ ಒಬ್ಬರಿದ್ದಾಗ ಎಷ್ಟು, ಇಬ್ಬರಿದ್ದಾಗ ಎಷ್ಟು ಎಂಬ ಮೂರು ಅಂಕಿಗಳನ್ನು ಬರೆದು ವಾಹನದ ದಾಖಲೆಪತ್ರಗಳ ಜೊತೆಗೆ ಇಟ್ಟುಕೊಳ್ಳಿ.

3. ಬಿಸಿಯಾಗಿರುವ ಟೈರಿನಿಂದ ಗಾಳಿಯನ್ನು ಬಿಡಬೇಡಿ.

4. ಅಳತೆ, ಭಾರ ಮತ್ತು ವೇಗದ ಸಂಕೇತ, ಐ.ಎಸ್.ಐ. ಮುದ್ರೆ, ತಯಾರಿಕೆಯ ವಾರ ಮತ್ತು ವರ್ಷಗಳನ್ನು ನೋಡಿಯೇ ಟೈರು ಕೊಳ್ಳಿ.

5. ಗಾಳಿ ತುಂಬಿಸುವಾಗಲೆಲ್ಲ ಮೊಳೆ, ಗಾಜಿನ ಚೂರು, ಬಿರುಕು, ಉಬ್ಬುಗಳಿವೆಯೇ ಎಂದು ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡಿ.

ಶಿರಸ್ತ್ರಾಣವು ಅಪಘಾತವಾದಾಗ ನಮ್ಮ ತಲೆಯನ್ನು ಕಾಪಾಡುತ್ತದೆ. ಸುಸ್ಥಿತಿಯಲ್ಲಿರುವ ಟೈರು ಅನೇಕ ವೇಳೆ ಅಪಘಾತವೇ ಆಗದಂತೆ ಕಾಪಾಡುತ್ತದೆ. ಹಿಂದಿನ ಆಸನದಲ್ಲಿ ಕುಳಿತವರು ಟೈರಿನ ಒತ್ತಡವನ್ನು ಕೇಳಿ ಕುಳಿತಿರುವುದಿಲ್ಲ. ಸವಾರನ ಮೇಲಿನ ನಂಬಿಕೆಯಿಂದ ಕುಳಿತಿರುತ್ತಾರೆ. ಉಚಿತವಾಗಿ ದೊರೆಯುವ ಗಾಳಿಯನ್ನು ಅಳತೆಯರಿತು ತುಂಬಿಸಿ ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಪ್ರತಿಯೊಬ್ಬ ಸವಾರನ ಕರ್ತವ್ಯ.